ಗಾಳಿಯ ಜಾಡು ಹಿಡಿದು ಗವಿ ತೋಡುವುದು

ಇಂಗ್ಲೆಂಡಿನ ನೈಋತ್ಯ ಭಾಗದ ಸೋಮರ್‌ಸೆಟ್ ಪ್ರಾಂತದಲ್ಲಿ ಮೆಂಡಿಪ್ ಎಂಬ ತಗ್ಗು ಗುಡ್ಡಗಳ ಸಾಲಿದೆ. ಅದರ ನೆತ್ತಿಯ ಮೇಲಿರುವ ಪ್ರಿಡಿ ಎಂಬ ಸಣ್ಣ ಹಳ್ಳಿಯ ಸುತ್ತ ವಾರದ ನಡುವಿನ ಯಾವುದಾದರೂ ಸಂಜೆ ಅಡ್ಡಾಡಿದರೆ, ಹಗಲೆಲ್ಲ ಕಚೇರಿಯಲ್ಲೋ ಶಾಲೆಯಲ್ಲೋ ಗ್ಯಾರೇಜಿನಲ್ಲೋ ದುಡಿದು ಬಂದ ನಾಲ್ಕೈದು ಮಂದಿ ಕೆಸರು ಮೆತ್ತಿದ ಮೇಲುಡುಪು ತೊಟ್ಟು, ಬಕೆಟ್ಟು ಹಗ್ಗ ಹೊತ್ತು, ಹೊಲದ ಮೂಲೆಯ ಒಂದು ಗುಂಡಿಗೆ ಇಳಿಯುವುದು ಕಾಣಿಸೀತು. ಅವರಿಗೆ ಕೂಲಿ ಕೊಡುವವರಿಲ್ಲ. ಸುಣ್ಣಕಲ್ಲನ್ನು ನೀರು ಸಾವಿರಾರು ವರ್ಷ ಕರಗಿಸಿ ಕೊರೆದ ಹಾದಿ, ಮುಂದೆ ಹೂಳು, ಜಲ್ಲಿ, ಉರುಳುಬಂಡೆಗಳಿಂದ ತಾನಾಗಿಯೇ ಮುಚ್ಚಿಹೋಗಿರುತ್ತದೆ. ಅದನ್ನು ಮತ್ತೆ ಬಿಡಿಸಿ ಅದರಾಚೆ ಮನುಷ್ಯರು ಕಾಣದ ಗುಹೆ ಇದೆಯೇ ಎಂದು ನೋಡುವುದು ಅವರ ಹವ್ಯಾಸ.

ಇದೇನೂ ಹೊಸ ಗೀಳಲ್ಲ. ಮೆಂಡಿಪ್‌ನ ಈಸ್ಟ್‌ವಾಟರ್ ಗುಹೆ (1902), ಜಿ.ಬಿ. ಗುಹೆ (1939), ಸೇಂಟ್ ಕತ್‌ಬರ್ಟ್ಸ್ ಸ್ವಾಲೆಟ್ (1953) ಇವೆಲ್ಲ ಅಗೆದು ಹೊಕ್ಕ ಗುಹೆಗಳೇ. ಅಪ್ಪರ್ ಫ್ಲಡ್ ಸ್ವಾಲೆಟ್ ಎಂಬಲ್ಲಿ ಒಂದು ಸಂಘದವರು ವರ್ಷಗಟ್ಟಲೆ ಬಂಡೆಗುಪ್ಪೆಯೊಡನೆ ಸೆಣಸಿ, 2006ರಲ್ಲಿ ಅದರಾಚೆಯ ಅಪೂರ್ವ ಹಾದಿಗಳಿಗೆ ಕಾಲಿಟ್ಟರು. ನಡೆದೇ ಹೋಗಬಹುದಾದ ಗುಹಾಮುಖಗಳೆಲ್ಲ ಈ ಸೀಮೆಯಲ್ಲಿ ಎಂದೋ ಮುಗಿದಿರುವುದರಿಂದ, ಹೊಸದು ಬೇಕೆಂದರೆ ಗುದ್ದಲಿ ಹಿಡಿಯಲೇಬೇಕು. 1992ರಿಂದ ಅನ್ವೇಷಣಾ ತಂಡಗಳು ವರ್ಷವರ್ಷವೂ ಹೋಗುತ್ತಿರುವ ನಮ್ಮ ಮೇಘಾಲಯದಲ್ಲಿ ಆ ಒತ್ತಾಯ ಇನ್ನೂ ಬಂದಿಲ್ಲ. ಅಲ್ಲಿ ತೆರೆದ ಬಾಯಿಯ ಗವಿಗಳೇ ಇನ್ನೂ ಸಿಗುತ್ತಿವೆ.

ನಾನು ಬ್ರಿಸ್ಟಲಿಗೆ ಬಂದು ನೆಲೆಸಿದ ಮೇಲೆ ಈ ಕೆಲಸಕ್ಕೆ ಅಂಟಿಕೊಂಡವನು. ಈ ಬರಹ, ಗುಹೆಗಳಲ್ಲಿ ಒಂದೆರಡು ವರ್ಷವಾದರೂ ಅನುಭವಿಗಳೊಡನೆ ಓಡಾಡಿ, ಈಗ ಅಗೆತಕ್ಕೆ ಕೈಹಾಕಬೇಕೆಂದಿರುವವರಿಗಾಗಿ. ಗುಹೆಗೆ ಒಮ್ಮೆಯೂ ಇಳಿಯದವರು ಇದನ್ನು ಓದಿ ನೇರವಾಗಿ ಗುಂಡಿ ತೋಡಲು ಹೊರಡಬಾರದು. ಮೊದಲು ಒಂದು ಸಂಘ ಸೇರಿ, ಬೇರೆಯವರು ತೋಡುತ್ತಿರುವಲ್ಲಿ ಚೀಲ ಎಳೆಯಿರಿ. ಎಳೆಯುವವರಿಗೆ ಯಾವ ಸಂಘದಲ್ಲೂ ಬಾಗಿಲು ಮುಚ್ಚಿರುವುದಿಲ್ಲ.

ಜಾಗ ಆರಿಸುವುದು

ಜಾಗದ ಆಯ್ಕೆಯಲ್ಲಿ ತಪ್ಪಿದರೆ ಎಷ್ಟು ದುಡಿದರೂ ವ್ಯರ್ಥ. ಆದ್ದರಿಂದ ನೆಲದ ರಚನೆಯನ್ನು ಮೊದಲು ಓದಿಕೊಳ್ಳಬೇಕು. ಮೆಂಡಿಪ್‌ನ ದಿಬ್ಬಗಳ ತಿರುಳಿನಲ್ಲಿ ನೀರು ಇಳಿಯದ ಕೆಂಪು ಮರಳುಗಲ್ಲಿದೆ. ಅದರ ಸುತ್ತ ಜೇಡಿಪದರಗಲ್ಲಿನ ಒಂದು ಪಟ್ಟಿ, ಅದರಾಚೆ ಸುಣ್ಣಕಲ್ಲು. ಮರಳುಗಲ್ಲಿನ ಮೇಲೆ ಹರಿದು ಬಂದ ತೊರೆ ಸುಣ್ಣಕಲ್ಲನ್ನು ಮುಟ್ಟಿದೊಡನೆ ನೆಲದೊಳಗೆ ಇಳಿದು ಮರೆಯಾಗುತ್ತದೆ. ಹೀಗೆ ತೊರೆ ಇಂಗಿಹೋಗುವ ಕುಳಿಗೇ ಇಲ್ಲಿನ ಜನ ಸ್ವಾಲೆಟ್ ಎನ್ನುವುದು. ಭೂವಿಜ್ಞಾನದ ನಕ್ಷೆಯಲ್ಲಿ ಈ ಎರಡು ಕಲ್ಲುಗಳ ಗಡಿಯ ಗೆರೆಯನ್ನು ಬೆರಳಿನಲ್ಲಿ ಹಿಂಬಾಲಿಸಿದರೆ ಪ್ರಸಿದ್ಧ ಸ್ವಾಲೆಟ್ ಗುಹೆಗಳಲ್ಲಿ ಹೆಚ್ಚಿನವು ಅದರ ಬಳಿ ಮಣಿ ಪೋಣಿಸಿದಂತೆ ಸಿಗುತ್ತವೆ. ಆ ಮಣಿಗಳ ನಡುವಿನ ಖಾಲಿ ಜಾಗಗಳನ್ನು ಗುರುತು ಹಾಕಿಕೊಂಡು ಕಾಲ್ನಡಿಗೆಯಲ್ಲಿ ನೋಡಿ ಬನ್ನಿ.

ಕಣ್ಣಿಗೆ ಕಾಣುವ ಎಲ್ಲ ತಗ್ಗುಗಳೂ ಒಂದೇ ಅಲ್ಲ. ಮೆಂಡಿಪ್‌ನಲ್ಲಿ ರೋಮನ್ನರ ಕಾಲದಿಂದ ಸೀಸದ ಗಣಿಗಾರಿಕೆ ನಡೆದಿದ್ದು, ಗಣಿಗಾರರು ತೋಡಿ ಬಿಟ್ಟ ಗುಂಡಿಗಳಿಂದ ಹೊಲಗಳು ಸಿಡುಬಿನ ಮುಖದಂತಾಗಿವೆ. ಮನುಷ್ಯ ತೋಡಿದ ಗುಂಡಿಯ ಅಂಚಿನಲ್ಲಿ ಹೊರಹಾಕಿದ ಮಣ್ಣಿನ ಏರಿ ಇರುತ್ತದೆ. ನೆಲ ತಾನಾಗಿ ಒಳಕ್ಕೆ ಕುಸಿದ ಕುಳಿಗೆ ಆ ಏರಿ ಇರುವುದಿಲ್ಲ, ಅದು ಬೋಗುಣಿಯ ಹಾಗೆ ನುಣ್ಣಗೆ ಇಳಿಯುತ್ತದೆ. ಈ ಒಂದು ವ್ಯತ್ಯಾಸ ತಿಳಿಯದೆ ಹಳೆಯ ಗಣಿಗುಂಡಿಯ ಹೂಳನ್ನು ತಿಂಗಳುಗಟ್ಟಲೆ ಎತ್ತಿದವರಿದ್ದಾರೆ. ಹಾಗೆಂದು ಗಣಿಗುಂಡಿಯೆಂದರೆ ಬರಿದೇ ಎಂದೂ ಅಲ್ಲ: ಹದಿನೇಳನೆಯ ಶತಮಾನದಲ್ಲಿ ಲ್ಯಾಂಬ್ ಲೀರ್ ಗುಹೆಯನ್ನು ಕಂಡವರು ಗಣಿಗಾರರೇ.

ಇನ್ನು ಗಾಳಿ. ನನ್ನ ದೃಷ್ಟಿಯಲ್ಲಿ ಬೇರೆಲ್ಲ ಸುಳಿವುಗಳೂ ಇದರ ನಂತರದವು. ನೀರು ಕೂದಲೆಳೆಯಷ್ಟು ಸಂದಿಯಲ್ಲಿಯೂ ಜಾರಿ ಹೋಗುತ್ತದೆ, ಆದ್ದರಿಂದ ನೀರು ಇಂಗುವ ಕಡೆಯೆಲ್ಲ ಮನುಷ್ಯ ನುಗ್ಗುವಷ್ಟು ದಾರಿ ಇರಬೇಕೆಂದಿಲ್ಲ. ಆದರೆ ಬಂಡೆಗಳ ನಡುವಿನಿಂದ ಮುಖಕ್ಕೆ ರಾಚುವಷ್ಟು ಗಾಳಿ ಬರುತ್ತಿದೆಯೆಂದರೆ ಒಳಗೆ ವಿಸ್ತಾರವಾದ ಟೊಳ್ಳು ಇರಲೇಬೇಕು. ಬ್ರಿಟನ್ನಿನ ಗುಹೆಗಳ ಒಳಗಿನ ಉಷ್ಣಾಂಶ ವರ್ಷವಿಡೀ ಹೆಚ್ಚುಕಡಿಮೆ 8ರಿಂದ 10 ಡಿಗ್ರಿ ಸೆಲ್ಸಿಯಸ್. ಚಳಿಗಾಲದಲ್ಲಿ ಹೊರಗಿನದಕ್ಕಿಂತ ಬೆಚ್ಚಗಿರುವ ಒಳಗಾಳಿ ಹಗುರವಾಗಿ ಮೇಲಿನ ಬಾಯಿಗಳಿಂದ ಹೊರಬೀಳುತ್ತದೆ; ಬೇಸಿಗೆಯಲ್ಲಿ ತಂಪಾದ ಭಾರದ ಗಾಳಿ ಕೆಳಗಿನ ಬಾಯಿಗಳಿಂದ ಸುರಿಯುತ್ತದೆ. ಹೀಗಾಗಿ ಒಂದೇ ಜಾಗವನ್ನು ಎರಡೂ ಋತುಗಳಲ್ಲಿ ನೋಡಬೇಕು. ಹಿಮ ಬಿದ್ದ ಬೆಳಗ್ಗೆ ಗುಡ್ಡ ಸುತ್ತುವುದು ಇಲ್ಲಿನ ಹಳಬರ ವ್ರತವಿದ್ದಂತೆ: ಎಲ್ಲೆಡೆ ಬೆಳ್ಳಗಿರುವಾಗ ಒಂದು ಪೊದೆಯ ಬುಡದಲ್ಲಿ ಮಾತ್ರ ಹಿಮ ಕರಗಿ ಹಸಿರು ಕಂಡರೆ, ಆವಿ ಏಳುತ್ತಿದ್ದರೆ, ಅಲ್ಲಿ ಗೂಟ ನೆಟ್ಟು ಬರುತ್ತಾರೆ.

ಗಾಳಿಯ ದಿಕ್ಕು ತಿಳಿಯಲು ಊದುಬತ್ತಿಗಿಂತ ಒಳ್ಳೆಯ ಸಲಕರಣೆಯನ್ನು ನಾನು ಕಂಡಿಲ್ಲ, ಇಲ್ಲಿನವರೂ ಅದನ್ನೇ ಬಳಸುತ್ತಾರೆ. ಹೊಗೆಯ ಎಳೆ ಸಂದಿಯೊಳಕ್ಕೆ ಹೋಗುತ್ತದೆಯೇ, ಹೊರಕ್ಕೆ ಬಾಗುತ್ತದೆಯೇ, ಎಷ್ಟು ಹೊತ್ತು ಹಾಗೆಯೇ ಇರುತ್ತದೆ ಎಂಬುದನ್ನು ದಿನಾಂಕ, ವೇಳೆ, ಹೊರಗಿನ ಉಷ್ಣಾಂಶ, ವಾಯುಭಾರಗಳ ಜೊತೆ ಪುಸ್ತಕದಲ್ಲಿ ಬರೆದಿಡಿ. ಎರಡು ಮೋಸಗಳ ಬಗ್ಗೆ ಎಚ್ಚರವಿರಲಿ. ಒಂದು, ಸಡಿಲವಾದ ಕಲ್ಲಿನ ರಾಶಿಯೊಳಗೆ ಮೇಲಿನ ಸಂದಿಯಿಂದ ಹೊಕ್ಕ ಗಾಳಿ ಕೆಳಗಿನ ಸಂದಿಯಿಂದ ಹೊರಬಂದು ಗುಹೆಯ ಗಾಳಿಯೆಂದು ಭ್ರಮೆ ಹುಟ್ಟಿಸಬಹುದು. ಇನ್ನೊಂದು, ದೊಡ್ಡ ಗುಹೆಗೆ ಒಂದೇ ಕಿರಿದಾದ ಬಾಯಿಯಿದ್ದರೆ ಅದು ಹೊರಗಿನ ವಾಯುಭಾರ ಏರಿದಾಗ ಉಸಿರು ಒಳಗೆಳೆದು, ಇಳಿದಾಗ ಹೊರಗೆ ಬಿಡುತ್ತದೆ; ಒಂದು ದಿನ ನಿಶ್ಚಲವಾಗಿತ್ತೆಂದು ಅಂಥ ಜಾಗವನ್ನು ಬಿಟ್ಟುಬಿಡಬಾರದು. ಅಮೆರಿಕದ ನ್ಯೂ ಮೆಕ್ಸಿಕೋದ ಲೆಚುಗಿಯಾ ಗುಹೆಯ ಕಥೆ ಇದೇ. ಹಿಂದೊಮ್ಮೆ ಬಾವಲಿ ಹಿಕ್ಕೆಯ ಗೊಬ್ಬರ ತೆಗೆದು ಬಿಟ್ಟಿದ್ದ ಒಂದು ಸಾಧಾರಣ ಗುಂಡಿಯ ತಳದ ಕಲ್ಲುಮಣ್ಣಿನಡಿಯಿಂದ ಗಾಳಿ ಭೋರ್ಗರೆಯುವುದನ್ನು 1950ರ ದಶಕದಲ್ಲಿಯೇ ಕೇಳಿದ್ದರು. 1984ರಲ್ಲಿ ರಾಷ್ಟ್ರೀಯ ಉದ್ಯಾನದವರ ಒಪ್ಪಿಗೆ ಸಿಕ್ಕಿ, 1986ರ ಮೇ ತಿಂಗಳಲ್ಲಿ ಹವ್ಯಾಸಿಗಳು ಆ ಕಲ್ಲುಮಣ್ಣನ್ನು ದಾಟಿದರು. ಇಂದು ಆ ಗುಹೆಯ ಅಳೆದ ಉದ್ದ 240 ಕಿಲೋಮೀಟರಿಗೂ ಹೆಚ್ಚು, ಆಳ 489 ಮೀಟರ್.

ನೆಲದ ಮೇಲಿನ ಕುಳಿಗಿಂತ, ಈಗಾಗಲೇ ತಿಳಿದಿರುವ ಗುಹೆಯ ಒಳಗಿನ ಕೊನೆಗಳು ಎಷ್ಟೋ ವೇಳೆ ಹೆಚ್ಚು ಫಲ ಕೊಡುತ್ತವೆ. ಅಗಲವಾದ ಹಾದಿಯೊಂದು ಹಠಾತ್ತನೆ ಬಂಡೆಗುಪ್ಪೆಯಲ್ಲಿ ಮುಗಿದರೆ ಅದು ಹಾದಿಯ ಕೊನೆಯಲ್ಲ, ಚಾವಣಿ ಕುಸಿದ ಜಾಗ. ಹಳೆಯ ಸರ್ವೆ ನಕ್ಷೆಗಳನ್ನು ಒಂದರ ಮೇಲೊಂದು ಹೊಂದಿಸಿ, ಎರಡು ಗುಹೆಗಳ ನಡುವೆ ಒಂದೇ ಎತ್ತರದಲ್ಲಿ ಎದುರುಬದುರಾಗಿ ನಿಂತ ಕೊನೆಗಳನ್ನು ಹುಡುಕಿರಿ. ಸ್ವಿಲ್ಡನ್ಸ್ ಹೋಲ್ ಮತ್ತು ಸೇಂಟ್ ಕತ್‌ಬರ್ಟ್ಸ್ ಗುಹೆಗಳೆರಡರ ನೀರೂ ವೂಕಿ ಹೋಲ್ ಗುಹೆಯಲ್ಲಿ ಹೊರಬರುವುದು ತಿಳಿದಿದೆ, ನಡುವಿನ ಹಾದಿಯ ಬಹುಪಾಲು ಮಾತ್ರ ಇನ್ನೂ ಯಾರಿಗೂ ಸಿಕ್ಕಿಲ್ಲ. ನೀರಿಗೆ ಬಣ್ಣ ಹಾಕಿ ಯಾವ ಒರತೆಯಲ್ಲಿ ಹೊರಬರುತ್ತದೆಂದು ನೋಡುವ ಪ್ರಯೋಗವನ್ನು ಮಾತ್ರ ಸ್ವಂತ ಬುದ್ಧಿಯಿಂದ ಮಾಡಕೂಡದು. ಆ ಒರತೆ ಊರಿನ ಕುಡಿಯುವ ನೀರಾಗಿರಬಹುದು.

ಒಪ್ಪಿಗೆ

ಇಂಗ್ಲೆಂಡಿನಲ್ಲಿ ನೆಲದ ಒಡೆಯನ ಮಾತೇ ಮೊದಲಿನದು. ಬೇಲಿ ದಾಟಿ ಗುಂಡಿ ತೋಡಿ ಆಮೇಲೆ ಕ್ಷಮೆ ಕೇಳುವ ಚಾಳಿಯಿಂದ ಒಂದು ಜಾಗ ಮಾತ್ರವಲ್ಲ, ಆ ರೈತನ ನೆಲದಲ್ಲಿರುವ ಎಲ್ಲ ಗುಹೆಗಳೂ ಎಲ್ಲರಿಗೂ ಮುಚ್ಚಿಹೋಗಬಹುದು. ಮನೆಗೆ ಹೋಗಿ ಮಾತಾಡಿ: ಎಲ್ಲಿ, ಎಷ್ಟು ಅಗಲ, ಮಣ್ಣು ಎಲ್ಲಿ ಬೀಳುತ್ತದೆ, ದನಕುರಿ ಬೀಳದಂತೆ ಬೇಲಿ ಹೇಗೆ, ಕೈಬಿಟ್ಟರೆ ಮುಚ್ಚಿಕೊಡುವವರು ಯಾರು ಎಂಬುದನ್ನೆಲ್ಲ ಬರೆದೇ ಕೊಡಿ. ಸಂಘದ ಸದಸ್ಯತ್ವದ ಮೂಲಕ ಬರುವ ವಿಮೆಯನ್ನೂ ತೋರಿಸಿ. ವೈಜ್ಞಾನಿಕ ಮಹತ್ವದ ತಾಣವೆಂದು ಘೋಷಿತವಾದ ಕಡೆ, ಗುಹೆಯೊಳಗಿನ ಅಗೆತಕ್ಕೂ ನ್ಯಾಚುರಲ್ ಇಂಗ್ಲೆಂಡ್ ಸಂಸ್ಥೆಯ ಒಪ್ಪಿಗೆ ಬೇಕು. ಸಂರಕ್ಷಿತ ಪ್ರಾಚೀನ ಅವಶೇಷಗಳಿರುವಲ್ಲಿ ಅದರ ಕಾನೂನು ಬೇರೆ. ಬಾವಲಿಗಳ ನೆಲೆ, ಬ್ಯಾಡ್ಜರ್ ಪ್ರಾಣಿಯ ಬಿಲ ಇವುಗಳಿಗೆ ಕಾನೂನಿನ ರಕ್ಷಣೆ ಇರುವುದರಿಂದ ಅಲ್ಲಿ ಸಲಿಕೆ ತಾಗಿಸುವಂತಿಲ್ಲ.

ಮೂಳೆ ಸಿಕ್ಕರೆ ಅಗೆತ ಆ ಗಳಿಗೆಯಲ್ಲೇ ನಿಲ್ಲಬೇಕು. ಚೆಡ್ಡರ್‌ನ ಗಾಫ್ಸ್ ಗುಹೆಯಲ್ಲಿ 1903ರಲ್ಲಿ ಸುಮಾರು ಹತ್ತು ಸಾವಿರ ವರ್ಷ ಹಳೆಯ ಮನುಷ್ಯನ ಪೂರ್ಣ ಅಸ್ಥಿಪಂಜರ ಸಿಕ್ಕಿತ್ತು. ಪ್ರಿಡಿ ಬಳಿಯ ಹಂಟರ್ಸ್ ಲಾಡ್ಜ್ ಎಂಬ ಪಬ್ಬಿನ ಕಾರು ನಿಲ್ಲಿಸುವ ಜಾಗದಲ್ಲೇ ಹವ್ಯಾಸಿಗಳು ತೋಡಿ ಹೊಕ್ಕ ಗುಹೆಯಲ್ಲಿ ಹಿಮಯುಗದ ಹಿಮಸಾರಂಗದ ಮೂಳೆಗಳಿದ್ದವು. ನಮ್ಮ ದಾಂಡೇಲಿಯ ಕಾವಳಾ ಗವಿಯಂಥ, ಪೂಜೆ ನಡೆಯುವ ಮತ್ತು ಕಾಡಿನ ಕಾನೂನಿಗೆ ಒಳಪಟ್ಟ ತಾಣಗಳಲ್ಲಂತೂ ಇಂಥ ಅಗೆತದ ಯೋಚನೆಯೇ ಸಲ್ಲ.

ಅಗೆದದ್ದನ್ನು ಎಲ್ಲಿಡುವುದು

ಹೊಸಬರು ಗುದ್ದಲಿಯ ಬಗ್ಗೆ ಕೇಳುತ್ತಾರೆ, ಹಳಬರು ಮಣ್ಣಿನ ಬಗ್ಗೆ. ಕೈಬಿಟ್ಟ ಅಗೆತಗಳಲ್ಲಿ ಹೆಚ್ಚಿನವು ನಿಂತದ್ದು ಕಲ್ಲು ಗಟ್ಟಿಯಾದದ್ದರಿಂದಲ್ಲ, ತೆಗೆದ ಮಣ್ಣಿಗೆ ಜಾಗವಿಲ್ಲದೆ ಎಂಬುದು ನಾನು ಕಂಡ ಮಟ್ಟಿಗೆ ನಿಜ. ಒಂದು ಲೆಕ್ಕ ನೋಡಿ. 70 ಸೆಂಟಿಮೀಟರ್ ಅಗಲ, ಒಂದು ಮೀಟರ್ ಎತ್ತರದ ಹಾದಿಯಲ್ಲಿ ಒಂದೇ ಒಂದು ಮೀಟರ್ ಮುಂದೆ ಸಾಗಿದರೆ 0.7 ಘನಮೀಟರ್ ಹೂಳು ಹೊರಬರುತ್ತದೆ. ಒತ್ತಿ ಕೂತ ಹಸಿಜೇಡಿಯ ತೂಕ ಘನಮೀಟರಿಗೆ ಎರಡು ಟನ್ನಿನ ಹತ್ತಿರ, ಅಂದರೆ 1.4 ಟನ್. ಅಗೆದ ಮೇಲೆ ಅದು ಉಬ್ಬಿ 900 ಲೀಟರಿನಷ್ಟಾಗುತ್ತದೆ. ಹತ್ತು ಲೀಟರಿನ ಚೀಲದಲ್ಲಿ ತುಂಬಿದರೆ 90 ಚೀಲ, ಒಂದೊಂದೂ ಹದಿನೈದು ಕಿಲೋಗ್ರಾಂ. ಐದು ಜನ ಒಂದು ಸಂಜೆಯಲ್ಲಿ 60 ಚೀಲ ಸಾಗಿಸಿದರೆ ಅದು ಒಳ್ಳೆಯ ಸಂಜೆ. ಈಗ ಎದುರಿಗಿರುವ ಹೂಳಿನ ಉದ್ದ ಹತ್ತು ಮೀಟರೋ ನೂರೋ ಯಾರಿಗೂ ಗೊತ್ತಿಲ್ಲ ಎಂಬುದನ್ನು ಇದಕ್ಕೆ ಸೇರಿಸಿಕೊಂಡು ಯೋಚಿಸಿ.

ಆದ್ದರಿಂದ ಅಗೆಯುವ ಮೊದಲೇ ಮಣ್ಣಿನ ಹಾದಿಯನ್ನು ನಿರ್ಧರಿಸಿ. ಗುಹೆಯೊಳಗಾದರೆ ಹತ್ತಿರದ ಅಗಲವಾದ ಕೋಣೆಯಲ್ಲಿ ಪೇರಿಸುವುದು ವಾಡಿಕೆ. ಎದುರಿಗೆ ಒಣಗಲ್ಲಿನ ಕಟ್ಟೆ ಕಟ್ಟಿ, ಅದರ ಹಿಂದೆ ಚೀಲಗಳನ್ನು ಇಟ್ಟಿಗೆ ಕಟ್ಟಿದಂತೆ ಎರಡರ ಸಂದಿಯ ಮೇಲೆ ಇನ್ನೊಂದು ಕೂರುವಂತೆ ಜೋಡಿಸಬೇಕು. ಸುಮ್ಮನೆ ಎಸೆದ ರಾಶಿ ಮುಂದೊಂದು ಮಳೆಗಾಲದಲ್ಲಿ ಜಾರಿ ಹಿಂದಿರುಗುವ ದಾರಿಯನ್ನೇ ಮುಚ್ಚೀತು. ಗೋಣಿಚೀಲ ಒಳಗಿನ ತೇವಕ್ಕೆ ಬೇಗ ಕೊಳೆತು ಒಡೆಯುತ್ತದೆ, ಗಟ್ಟಿ ಪ್ಲಾಸ್ಟಿಕ್ ಚೀಲ ಬಾಳುತ್ತದೆ. ಆದರೆ ಅದು ಅಲ್ಲಿಯೇ ಉಳಿಯುವ ಕಸವೂ ಹೌದಾದ್ದರಿಂದ, ಕಲ್ಲು ಸಾಕಷ್ಟು ಸಿಗುವಲ್ಲಿ ಚೀಲವನ್ನು ಖಾಲಿ ಮಾಡಿ ಮತ್ತೆ ಬಳಸುವುದೇ ಸರಿ. ಹರಿಯುವ ನೀರಿಗೆ ಮಣ್ಣು ಸುರಿಯಬೇಡಿ. ಅದು ಕೆಳಗಿನ ಗುಹೆಯಲ್ಲಿ ಹೂಳಾಗಿ ಕೂರುತ್ತದೆ.

ಪೇರಿಸುವ ಮೊದಲು ಆ ಜಾಗವನ್ನೂ ಪರೀಕ್ಷಿಸಿ ಎಂದು ಒತ್ತಿ ಹೇಳುವುದಕ್ಕೆ ನನಗೆ ಕಾರಣವಿದೆ. ನಮ್ಮ ತಂಡ ಒಂದು ಚಳಿಗಾಲವಿಡೀ ಪಕ್ಕದ ಬಿರುಕೊಂದರಲ್ಲಿ ಅಚ್ಚುಕಟ್ಟಾಗಿ ಚೀಲ ಜೋಡಿಸಿತು. ಬೇಸಿಗೆ ಬಂದಾಗ ಎದುರಿನ ಹೂಳಿನಲ್ಲಿದ್ದ ಗಾಳಿ ನಿಂತೇಹೋಯಿತು. ಊದುಬತ್ತಿ ಹಿಡಿದು ಹುಡುಕಿದರೆ, ಗಾಳಿ ಬರುತ್ತಿದ್ದದ್ದು ನಾವೇ ಮುಚ್ಚಿದ ಆ ಬಿರುಕಿನಿಂದ. ಆರುನೂರಕ್ಕೂ ಹೆಚ್ಚು ಚೀಲಗಳನ್ನು ಮತ್ತೆ ಹೊರತೆಗೆದೆವು. ಆ ದಿನಗಳಲ್ಲಿ ತಂಡದೊಳಗೆ ನಡೆದ ಮಾತುಕತೆಯನ್ನು ಇಲ್ಲಿ ಬರೆಯುವಂತಿಲ್ಲ.

ಅಡ್ಡಹಾದಿಯಲ್ಲಿ ಮಣ್ಣು ಎಳೆಯಲು ಅಂಗಡಿಯ ಸಾಮಾನು ಬೇಡ. 25 ಲೀಟರಿನ ಪ್ಲಾಸ್ಟಿಕ್ ಕ್ಯಾನನ್ನು ಉದ್ದಕ್ಕೆ ಸೀಳಿ, ದೋಣಿಯಂತಾದ ಆ ಅರ್ಧಕ್ಕೆ ಎರಡೂ ತುದಿಯಲ್ಲಿ ಹಗ್ಗ ಕಟ್ಟಿದರೆ ಒಬ್ಬ ತುಂಬಿದ್ದನ್ನು ಹೊರಕ್ಕೆಳೆಯುತ್ತಾನೆ, ಇನ್ನೊಬ್ಬ ಖಾಲಿಯಾದದ್ದನ್ನು ಒಳಕ್ಕೆಳೆದುಕೊಳ್ಳುತ್ತಾನೆ. ಯಾರೂ ತೆವಳಿ ಓಡಾಡಬೇಕಿಲ್ಲ. ಹಗ್ಗ ಬಂಡೆಗೆ ಉಜ್ಜುವ ತಿರುವುಗಳಲ್ಲಿ ಗಡಗಡೆ ಹಾಕಿ, ನೆಲ ಒರಟಾಗಿದ್ದರೆ ಪ್ಲಾಸ್ಟಿಕ್ ಹಾಳೆ ಹಾಸಿ. ನೆಟ್ಟಗಿನ ಬಾವಿಯಲ್ಲಾದರೆ ಮೂರು ಕಾಲಿನ ಚೌಕಟ್ಟಿಗೆ ರಾಟೆ ಕಟ್ಟಿ ಎತ್ತಬೇಕು. ಊರಿನಲ್ಲಿ ಬಾವಿ ತೋಡುವುದನ್ನು ನೋಡಿದವರಿಗೆ ಇದು ಹೊಸದಲ್ಲ, ಆದರೆ ಊರಿನ ಒಂದು ಅಭ್ಯಾಸವನ್ನು ಇಲ್ಲಿ ತರಬಾರದು: ತುಂಬಿದ ಬಕೆಟ್ಟು ಮೇಲೇರುವಾಗ ಅದರ ನೇರ ಕೆಳಗೆ ಯಾರೂ ನಿಲ್ಲಕೂಡದು. ತಳದಲ್ಲಿರುವವನಿಗೆ ಸರಿದು ಕೂರಲು ಗೋಡೆಯಲ್ಲಿ ಗೂಡು ಕೊರೆದುಕೊಂಡೇ ಆಳಕ್ಕೆ ಹೋಗಬೇಕು. ಬಕೆಟ್ಟಿನ ಕಂಬಿಹಿಡಿಯನ್ನು ನಂಬದೆ, ತಿರುಪಿನ ಬೀಗವಿರುವ ಕೊಕ್ಕೆಯಿಂದ ಗಟ್ಟಿ ಪಟ್ಟಿಗೆ ಸಿಕ್ಕಿಸಿ.

ಎದುರುಗೋಡೆಯಲ್ಲಿ

ಜೇಡಿ ಮತ್ತು ಹೂಳಿನಲ್ಲಿ ಕೆಲಸ ನಿಧಾನ, ಆದರೆ ಸರಳ. ಕಿರುಹಿಡಿಯ ಸಲಿಕೆ, ಪಿಕಾಸಿ, ತೋಟದಲ್ಲಿ ಬಳಸುವ ಕೈಗುದ್ದಲಿ ಸಾಕು. ಮೊಣಕಾಲಿಗೆ ಗಟ್ಟಿ ಕವಚ, ರಬ್ಬರ್ ಕೈಗವಸು, ತಲೆಗೆ ಹೆಲ್ಮೆಟ್ಟು, ಎರಡು ದೀಪ ಇವು ಇಲ್ಲದೆ ಇಳಿಯಬಾರದು. ಗಟ್ಟಿ ಚಾವಣಿ ಸಿಕ್ಕಿದರೆ ಅದನ್ನೇ ಹಿಡಿದು ಸಾಗಿ, ಏಕೆಂದರೆ ಹೂಳು ಕಾಲಕ್ರಮದಲ್ಲಿ ಕುಗ್ಗುವುದರಿಂದ ಮೊದಲ ಗಾಳಿಯ ಸಂದಿ ಸಿಗುವುದು ಚಾವಣಿಯ ಅಡಿಯಲ್ಲಿ. ಅವಸರದಲ್ಲಿ ಇಲಿಬಿಲದಂಥ ಕಂಡಿ ಮಾಡಿಕೊಂಡು ಮುಂದೆ ಹೋಗುವ ಆಸೆ ಎಲ್ಲರಿಗೂ ಬರುತ್ತದೆ. ಇಂದು ಉಳಿಸಿದ ಆ ಹತ್ತು ಚೀಲಗಳ ಶ್ರಮ ಮುಂದೆ ಪ್ರತಿ ಎಳೆತದಲ್ಲೂ ಬಡ್ಡಿ ಸಮೇತ ವಸೂಲಾಗುತ್ತದೆ, ಗಾಯವಾದವನನ್ನು ಹೊರತರುವ ಸ್ಥಿತಿ ಬಂದರಂತೂ ಆ ಕಂಡಿಯೇ ಶತ್ರು.

ಬಂಡೆಗುಪ್ಪೆ ಬೇರೆಯೇ ಪ್ರಾಣಿ. ಒಂದಕ್ಕೊಂದು ಆತು ನಿಂತ ಕಲ್ಲುಗಳಲ್ಲಿ ಯಾವುದು ಯಾವುದನ್ನು ಹೊತ್ತಿದೆ ಎಂದು ಕಣ್ಣಿಗೆ ತಿಳಿಯುವುದಿಲ್ಲ. ಇಲ್ಲಿ ಕೈಯಿಂದ ಕಲ್ಲು ಕೀಳುವುದಕ್ಕಿಂತ ಉದ್ದ ಹಾರೆಕೋಲಿನಿಂದ ದೂರ ನಿಂತು ಕೆಡವುವುದು ಸರಿ. ಮೇಲಿನದನ್ನು ಮೊದಲು, ಕೆಳಗಿನದನ್ನು ಆಮೇಲೆ. ಹಿಂದಕ್ಕೆ ಸರಿಯುವ ದಾರಿಯಲ್ಲಿ ಚೀಲ, ಸಲಕರಣೆ, ಮನುಷ್ಯ ಯಾವುದೂ ಅಡ್ಡವಿರಬಾರದು. ಒಂದು ಕಲ್ಲು ಬಿದ್ದ ಮೇಲೆ ತಕ್ಷಣ ಕೆಳಗೆ ತೂರದೆ ಐದು ನಿಮಿಷ ಸುಮ್ಮನಿದ್ದು ಕೇಳಿಸಿಕೊಳ್ಳಿ, ಸಣ್ಣ ಜಲ್ಲಿ ಉದುರುತ್ತಿರುವ ಸದ್ದು ನಿಂತಿಲ್ಲವೆಂದರೆ ಗುಪ್ಪೆ ಇನ್ನೂ ನೆಲೆಗೊಂಡಿಲ್ಲ. ಸಾಗಿದಷ್ಟಕ್ಕೂ ಆಸರೆ ಕೊಡುತ್ತ ಹೋಗಬೇಕು. ಕಟ್ಟಡದವರು ಬಳಸುವ, ಸುಮಾರು 48 ಮಿಲಿಮೀಟರ್ ವ್ಯಾಸದ ಉಕ್ಕಿನ ಸ್ಕ್ಯಾಫೋಲ್ಡಿಂಗ್ ಕೊಳವೆಗಳನ್ನು ಕ್ಲಾಂಪುಗಳಿಂದ ಚೌಕಟ್ಟಾಗಿ ಬಿಗಿದು, ಚೌಕಟ್ಟಿಗೂ ಬಂಡೆಗೂ ನಡುವೆ ಕಲ್ಲುಚೂರು ಗಿಡಿದು ತುಂಬುವುದು ಇಲ್ಲಿ ರೂಢಿ. ಮರದ ಊರೆ ಅಗ್ಗವಾದರೂ ತೇವಕ್ಕೆ ಕೊಳೆಯುತ್ತದೆ, ಹೊರಗೆ ಗಟ್ಟಿಯಾಗಿ ಕಂಡರೂ ಒಳಗೆ ಪೊಳ್ಳಾಗಿರುತ್ತದೆ. ಹಿಂದಿನವರು ಬಿಟ್ಟುಹೋದ ಮರದ ಆಸರೆಯನ್ನು ಮುಟ್ಟುವ ಮೊದಲು ಹೊಸ ಚೌಕಟ್ಟನ್ನು ಅದರ ಪಕ್ಕದಲ್ಲಿ ನಿಲ್ಲಿಸಿ. ಬಂಡೆಗುಪ್ಪೆಯಲ್ಲಿ ಆಸರೆ ಕಟ್ಟುವುದನ್ನು ಓದಿ ಕಲಿಯಲಾಗದು. ಕಟ್ಟಿದವರ ಜೊತೆ ಒಂದು ಹಂಗಾಮು ಕಳೆಯಲೇಬೇಕು.

ನೆಲದ ಮೇಲಿನಿಂದ ಸಡಿಲ ಮಣ್ಣಿನಲ್ಲಿ ಬಾವಿ ಇಳಿಸುವುದಾದರೆ ನಮ್ಮಲ್ಲಿ ಬಾವಿಗೆ ಹಾಕುವಂಥ ಸಿಮೆಂಟಿನ ರಿಂಗುಗಳೇ ಇಲ್ಲಿಯೂ ಅನುಕೂಲ. ಡರ್ಬಿಶೈರಿನ ಟೈಟನ್ ಎಂಬ ಪಾತಾಳಬಾವಿಯನ್ನು, ಅದು ಬ್ರಿಟನ್ನಿನಲ್ಲಿ ತಿಳಿದಿರುವವುಗಳಲ್ಲೆಲ್ಲ ಆಳವಾದದ್ದು, 141.5 ಮೀಟರ್, 1999ರ ಜನವರಿ 1ರಂದು ಕೆಳಗಿನ ಗುಹೆಯ ಕಡೆಯಿಂದ ಬಂಡೆಗುಪ್ಪೆ ಬಿಡಿಸಿ ಕಂಡುಕೊಂಡರು. ಆಮೇಲೆ ನೆಲದ ಮೇಲಿನಿಂದ ಬೇರೆ ಬಾವಿ ತೋಡಿ ಅದಕ್ಕೆ ಕೂಡಿಸಿದರು. ಹೀಗೆ ಕೂಡಿಸುವಾಗ ಒಳಗೆ ಕಾಂತಕ್ಷೇತ್ರದ ಬೀಕನ್, ಅಂದರೆ ಸಂಕೇತ ಸೂಸುವ ಸಾಧನ, ಇಟ್ಟು ಮೇಲೆ ಅದರ ನೇರವನ್ನು ಗುರುತಿಸುವ ವಿಧಾನವಿದೆ, ಇದನ್ನು ಬಲ್ಲವರು ದೊಡ್ಡ ಸಂಘಗಳಲ್ಲಿ ಸಿಗುತ್ತಾರೆ.

ಗಟ್ಟಿ ಕಲ್ಲು ಅಡ್ಡ ಬಂದರೆ, ಬ್ಯಾಟರಿ ಡ್ರಿಲ್ಲಿನಿಂದ ಸಾಲಾಗಿ ತೂತು ಕೊರೆದು ಉಕ್ಕಿನ ಬೆಣೆಗಳನ್ನು ಒಂದಾದ ಮೇಲೊಂದಕ್ಕೆ ಸಮವಾಗಿ ಬಡಿಯುತ್ತ ಹೋಗುವುದು ಒಳ್ಳೆಯ ಮಾರ್ಗ. ನಮ್ಮ ಕಲ್ಲುಕುಟಿಗರು ಕರಿಕಲ್ಲನ್ನು ಸೀಳುವ ವಿದ್ಯೆಯೇ ಇದು. ಬಡಿದ ಮೇಲೆ ಕಾಯಬೇಕು, ಕಲ್ಲು ತನ್ನ ಹೊತ್ತಿಗೆ ‘ಟಣ್’ ಎಂದು ಬಿಡುತ್ತದೆ. ಸ್ಫೋಟಕಗಳನ್ನು ಪರವಾನಗಿ ಮತ್ತು ತರಬೇತಿ ಇರುವವರು ಮಾತ್ರ ಬಳಸಬೇಕು, ಅದನ್ನು ಇಲ್ಲಿ ವಿವರಿಸುವುದಿಲ್ಲ.

ಕೆಟ್ಟ ಗಾಳಿ, ಬಂದ ನೀರು

ಅಗೆತದ ಕೊನೆ ಎಂದರೆ ಒಂದು ಮುಚ್ಚಿದ ಜೇಬು. ಅದರೊಳಗೆ ಇಬ್ಬರು ಏದುಸಿರು ಬಿಡುತ್ತ ದುಡಿಯುತ್ತಾರೆ, ಸುತ್ತ ಕೊಳೆತ ಎಲೆ ಬೇರುಗಳಿರುತ್ತವೆ, ಗಾಳಿ ಆಡುವುದಿಲ್ಲ. ಇಂಗಾಲದ ಡೈಆಕ್ಸೈಡ್ ಅಲ್ಲಿ ಸೇರಿಕೊಳ್ಳುವುದು ಸಹಜ. ಹೊರಗಿನ ಗಾಳಿಯಲ್ಲಿ ಅದು ಸುಮಾರು 0.04 ಶೇಕಡ, ಬ್ರಿಟನ್ನಿನ ಕೆಲಸದ ಜಾಗಗಳಿಗೆ ಎಂಟು ಗಂಟೆಯ ಮಿತಿ 0.5 ಶೇಕಡ, ಹದಿನೈದು ನಿಮಿಷದ ಮಿತಿ 1.5 ಶೇಕಡ. ಅದರ ಮೇಲೆ ಹೋದಂತೆ ಉಸಿರು ಬಿಗಿಯುತ್ತದೆ, ತಲೆ ಸಿಡಿಯುತ್ತದೆ, ಬುದ್ಧಿ ಮಂಕಾಗುತ್ತದೆ. 10 ಶೇಕಡದ ಹತ್ತಿರ ಪ್ರಜ್ಞೆಯೇ ತಪ್ಪುತ್ತದೆ. 1959ರಲ್ಲಿ ಡರ್ಬಿಶೈರಿನ ಪೀಕ್ ಕ್ಯಾವರ್ನ್ ಗುಹೆಯ ಕಿರಿದಾದ ಬಾವಿಯಲ್ಲಿ ಸಿಕ್ಕಿಕೊಂಡ ವಿದ್ಯಾರ್ಥಿಯೊಬ್ಬ ತೀರಿಕೊಂಡದ್ದು, ಅವನನ್ನು ಎತ್ತಲು ಹೋದವರು ಮತ್ತೆಮತ್ತೆ ಹಿಂದಿರುಗಬೇಕಾದದ್ದು ಈ ಕೆಟ್ಟ ಗಾಳಿಯಿಂದಲೇ.

ಕಾಸರಗೋಡು, ಬಂಟ್ವಾಳ, ಪುತ್ತೂರು ಕಡೆ ಮುರಕಲ್ಲಿನ ಗುಡ್ಡದಲ್ಲಿ ನೀರಿಗಾಗಿ ಸುರಂಗ ತೋಡುವವರು ದೀಪ ಹಚ್ಚಿಟ್ಟುಕೊಂಡು, ಅದು ಆರಿದರೆ ಹೊರಬರುತ್ತಿದ್ದರು. ಬಂಟ್ವಾಳ ತಾಲ್ಲೂಕಿನ ಕೇಪು ಗ್ರಾಮದಲ್ಲಿ ಒಬ್ಬರೇ ಸುರಂಗಗಳನ್ನು ಕೊರೆದು ಬೋಳುಗುಡ್ಡವನ್ನು ತೋಟ ಮಾಡಿ 2022ರಲ್ಲಿ ಪದ್ಮಶ್ರೀ ಪಡೆದ ಅಮೈ ಮಹಾಲಿಂಗ ನಾಯ್ಕರ ಸುರಂಗಗಳಲ್ಲಿ ಮೊದಲನೆಯವು ಬರಿದಾಗಿದ್ದವೆಂಬುದನ್ನು ಓದಿದಾಗಲೆಲ್ಲ, ನಮ್ಮ ಬರಿದಾದ ಗುಂಡಿಗಳ ಬಗ್ಗೆ ಗೊಣಗಲು ನಾಚಿಕೆಯಾಗುತ್ತದೆ. ಆದರೆ ದೀಪದ ಪರೀಕ್ಷೆಯನ್ನು ಗುಹೆಯಲ್ಲಿ ನೆಚ್ಚಬೇಡಿ. ಜ್ವಾಲೆ ಆರುವುದು ಆಮ್ಲಜನಕ 16 ಶೇಕಡದ ಆಸುಪಾಸಿಗೆ ಇಳಿದಾಗ. ಇಂಗಾಲದ ಡೈಆಕ್ಸೈಡ್ ಅದಕ್ಕೂ ಮೊದಲೇ ಅಪಾಯದ ಮಟ್ಟ ಮುಟ್ಟಿರಬಹುದು. ತಂಡಕ್ಕೊಂದು ಅನಿಲಮಾಪಕ ಕೊಳ್ಳಿರಿ, ಕೆಲಸದ ಹೊತ್ತಿನಲ್ಲಿ ಅದನ್ನು ಎದುರುಗೋಡೆಯ ಬಳಿ ನೆಲಮಟ್ಟದಲ್ಲಿಡಿ. ಬೇಕಾದರೆ ಬ್ಯಾಟರಿ ಫ್ಯಾನಿನಿಂದ ಉದ್ದ ಕೊಳವೆಯ ಮೂಲಕ ಒಳ್ಳೆಯ ಗಾಳಿ ಊದಿಸಬಹುದು. ಪೆಟ್ರೋಲಿನ ಜನರೇಟರನ್ನು ಒಳಗಾಗಲಿ ಬಾಯಿಯ ಹತ್ತಿರವಾಗಲಿ ಎಂದಿಗೂ ನಡೆಸಬಾರದು, ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೇ ಇಲ್ಲ.

ನೀರಿನ ವಿಷಯದಲ್ಲಿ ಹವಾಮಾನ ವರದಿಗಿಂತ ಹೆಚ್ಚು ಅಂಜಿಕೆ ಇರಲಿ. ಯಾರ್ಕ್‌ಶೈರಿನ ಮಾಸ್‌ಡೇಲ್ ಗುಹೆಯಲ್ಲಿ 1967ರ ಜೂನ್‌ನಲ್ಲಿ ಪ್ರವಾಹ ನುಗ್ಗಿ ಆರು ಮಂದಿ ಸತ್ತರು. ಮರುವರ್ಷದ ಜುಲೈಯ ಒಂದೇ ಮಳೆಗೆ ಸ್ವಿಲ್ಡನ್ಸ್ ಹೋಲ್‌ನ ನಲವತ್ತು ಅಡಿಯ ಜಲಪಾತವೇ ಕೊಚ್ಚಿಹೋಗಿ, ಅದುವರೆಗೆ ಜನ ಏಣಿ ಕಟ್ಟಿ ಇಳಿಯುತ್ತಿದ್ದ ಜಾಗ ಸಲೀಸಾದ ಹಾದಿಯಾಯಿತು. ಹಾಗೆ ಕಲ್ಲನ್ನೇ ಸಾಗಿಸುವ ನೀರಿಗೆ ನಮ್ಮ ಚೀಲದ ಕಟ್ಟೆ ಎಷ್ಟರದು? ಮಳೆಯ ಮುನ್ಸೂಚನೆಯಿದ್ದರೆ ತೊರೆಯ ಹಾದಿಯಲ್ಲಿ ಇಳಿಯಲೇಬೇಡಿ. ಸಣ್ಣ ಒರತೆಯಿದ್ದರೆ ಹಿಂದೆ ಒಡ್ಡು ಕಟ್ಟಿ ನೀರು ತಡೆದು ಕೆಲಸ ಮಾಡಬಹುದು, ತಗ್ಗಿನ ಕಡೆ ದಾರಿಯಿದ್ದರೆ ಉದ್ದ ಕೊಳವೆಯಲ್ಲಿ ಸೈಫನ್ ಹಚ್ಚಬಹುದು; ಆದರೆ ಒಡ್ಡಿನ ಕೆಳಗೆ ಮನುಷ್ಯರಿರುವಾಗ ಒಬ್ಬರು ಒಡ್ಡಿನ ಮೇಲೆ ಕಣ್ಣಿಟ್ಟಿರಬೇಕು.

ಯಾವ ಗುಹೆ, ಎಷ್ಟು ಜನ, ಎಷ್ಟು ಗಂಟೆಯೊಳಗೆ ಮರಳುತ್ತೀರಿ ಎಂಬುದನ್ನು ಹೊರಗಿರುವ, ಫೋನ್ ಎತ್ತುವ ಒಬ್ಬರಿಗೆ ತಿಳಿಸದೆ ಇಳಿಯಬೇಡಿ. ಆ ಗಂಟೆ ಮೀರಿದರೆ ಅವರು 999ಕ್ಕೆ ಕರೆ ಮಾಡಿ ಪೊಲೀಸರ ಮೂಲಕ ಗುಹಾ ರಕ್ಷಣಾ ದಳವನ್ನು ಕೇಳಬೇಕು. ಮೆಂಡಿಪ್‌ನ ದಳ 1936ರಿಂದ ಇದೆ. ಅದರಲ್ಲಿರುವವರೂ ಹವ್ಯಾಸಿ ಗುಹಾಶೋಧಕರೇ. ಕೆಲಸ ಮುಗಿಸಿ ಪಬ್ಬಿಗೆ ಹೋಗುವ ಸಂಭ್ರಮದಲ್ಲಿ ಹೊರಬಂದ ಸುದ್ದಿ ತಿಳಿಸುವುದನ್ನು ಮರೆತು ರಕ್ಷಣಾ ದಳ ಹೊರಡುವಂತೆ ಮಾಡಿದವರಿಗೆ ಮುಂದಿನ ಕೆಲವು ವಾರ ಪಾನೀಯದ ಖರ್ಚು ಹೆಚ್ಚು.

ದಾರಿ ತೆರೆದ ದಿನ

ವೇಲ್ಸ್‌ನ ಓಗೋವ್ ಡ್ರೈನೆನ್ ಗುಹೆಯ ಅಗೆತ 1991ರಲ್ಲಿ ಆರಂಭವಾಗಿ, 1994ರ ಅಕ್ಟೋಬರಿನಲ್ಲಿ ದಾರಿ ತೆರೆಯಿತು. ಅದರಾಚೆ ಸಿಕ್ಕಿದ ಹಾದಿಗಳ ಉದ್ದ ಈಗ 60 ಕಿಲೋಮೀಟರಿಗೂ ಹೆಚ್ಚು. ಮೂರು ವರ್ಷಕ್ಕೆ ಇಂಥ ಫಲ ಅಪರೂಪ. ಸಾಮಾನ್ಯವಾಗಿ ಸಿಗುವುದು ನಾಲ್ಕು ಮೀಟರ್ ತೆವಳುದಾರಿ ಮತ್ತು ಇನ್ನೊಂದು ಹೂಳಿನ ಗೋಡೆ. ಏನು ಸಿಕ್ಕರೂ ಮೊದಲ ಗಂಟೆಯ ನಡವಳಿಕೆ ಒಂದೇ ಆಗಿರಬೇಕು, ಏಕೆಂದರೆ ಆ ನೆಲದ ಮೇಲಿನ ಮೊದಲ ಹೆಜ್ಜೆಯ ಗುರುತನ್ನು ಅಳಿಸುವ ಉಪಾಯವಿಲ್ಲ.

ಒಳಗೆ ಕಾಲಿಡುವ ಮೊದಲು ನಿಂತಲ್ಲಿಂದಲೇ ಛಾಯಾಚಿತ್ರ ತೆಗೆಯಿರಿ. ಒಬ್ಬರು ಮುಂದೆ ಹೋಗಿ ಗಟ್ಟಿ ಕಲ್ಲಿನ ಮೇಲೆ ಕಾಲಿಡುವ ಒಂದೇ ಜಾಡನ್ನು ಆರಿಸಲಿ, ಹಿಂದಿನವರು ಅದರ ಎರಡೂ ಬದಿ ಪಟ್ಟಿ ಕಟ್ಟುತ್ತ ಬರಲಿ. ಮುಂದೆ ಬರುವ ಎಲ್ಲರೂ ಆ ಪಟ್ಟಿಗಳ ನಡುವೆಯೇ ನಡೆಯಬೇಕು. ಬಿಳಿ ಸುಣ್ಣಶಿಲೆಯ ಹಾಸು ಎದುರಾದರೆ ಕೆಸರಿನ ಬೂಟು ಕಳಚಿ ಶುಭ್ರವಾದದ್ದನ್ನು ಹಾಕಿಕೊಳ್ಳಿ, ಅದಿಲ್ಲವಾದರೆ ಅಂದು ಅಲ್ಲಿಗೇ ನಿಲ್ಲಿಸಿ. ಅಳೆಯದೆ ಓಡಬಾರದೆಂಬ ನಿಯಮವನ್ನು ತಂಡದಲ್ಲಿ ಮೊದಲೇ ಒಪ್ಪಿಕೊಂಡಿರುವುದು ಒಳಿತು, ದಾರಿ ತೆರೆದ ಸಂಜೆ ಯಾರಿಗೂ ವಿವೇಕ ಇರುವುದಿಲ್ಲ. ದೂರ, ದಿಕ್ಕು, ಇಳಿಜಾರು ಮೂರನ್ನೂ ಒಮ್ಮೆಗೇ ಅಳೆಯುವಂತೆ ಮಾರ್ಪಡಿಸಿದ ಲೇಸರ್ ಮಾಪಕಗಳಿಂದ ಇಬ್ಬರು ಮುಂದೆ ಸಾಗುತ್ತಲೇ ಸರ್ವೆ ಮಾಡಬಹುದು. ಪ್ರತಿ ಕೊನೆಯಲ್ಲಿ ಗಾಳಿ ಇದೆಯೇ, ಯಾವ ಕಡೆಗೆ, ಹೂಳು ಎಂಥದ್ದು ಎಂದು ಅಂದೇ ಟಿಪ್ಪಣಿ ಮಾಡಿಕೊಳ್ಳಿ.

ಮರುದಿನವೇ ನೆಲದ ಒಡೆಯರಿಗೆ ಸುದ್ದಿ ಮುಟ್ಟಿಸಿ, ಬಾಯಿಗೆ ಉಕ್ಕಿನ ಮುಚ್ಚಳ ಕೂರಿಸುವ ಏರ್ಪಾಡು ಮಾಡಿ. ಮುಚ್ಚಳ ಒಳಗಿನಿಂದಲೂ ತೆರೆಯುವಂತಿರಬೇಕು, ಬಾವಲಿಗಳು ಬಳಸುವ ಸೂಚನೆಯಿದ್ದರೆ ಅಡ್ಡಸರಳುಗಳ ನಡುವೆ ಅವು ಹಾರಿ ಹೋಗುವಷ್ಟು ಅಂತರವಿರಬೇಕು, ಮತ್ತು ಮೊದಲು ಯಾವ ಗಾಳಿ ಹಾದುಹೋಗುತ್ತಿತ್ತೋ ಅಷ್ಟೇ ಗಾಳಿ ಆಮೇಲೂ ಹಾದುಹೋಗುವಂತೆ ಸುತ್ತಲಿನ ಸಂದಿಗಳನ್ನು ಸಿಮೆಂಟಿನಿಂದ ಸರಿಪಡಿಸಬೇಕು. ಬೀಗದ ಕೈ ಯಾರ ಬಳಿ ಇರುತ್ತದೆಂದು ಪ್ರಾಂತದ ಗುಹಾಸಂಘಗಳ ಮಂಡಳಿಗೆ ಬರೆದು ತಿಳಿಸಿ, ನಕ್ಷೆಯ ಒಂದು ಪ್ರತಿಯನ್ನು ಅದರ ಜೊತೆಗೇ ಕಳುಹಿಸಿಕೊಡಿ.